ಮೀನಿನ ತಲೆ ತಿರುಗಿದ ದಿಕ್ಕು

ನಮ್ಮ ಶಾಂಡೊಂಗ್ ಸೀಮೆಯಲ್ಲಿ ಯಾರು ದೊಡ್ಡವರೆಂದು ಬಾಯಿಬಿಟ್ಟು ಕೇಳುವ ಅಗತ್ಯವಿಲ್ಲ. ಮೇಜಿನ ಮೇಲೆ ಮೀನಿನ ತಲೆ ಯಾರ ಕಡೆಗಿದೆ ನೋಡಿದರೆ ಸಾಕು. ಬಾಗಿಲಿಗೆ ಮುಖ ಮಾಡಿ ಕೂತ ಹಿರಿಯರತ್ತ ಅದು ತಿರುಗಿರಬೇಕು. ಅವರು ಊಟದ ಕಡ್ಡಿ ಎತ್ತುವ ತನಕ ಬೇರೆ ಯಾರೂ ಎತ್ತುವಂತಿಲ್ಲ. ಹಸಿದು ಸತ್ತರೂ ಮರ್ಯಾದಸ್ಥರಾಗಿ ಸತ್ತಂತಾಯಿತು.

ಗೊಂಗ್ ದೊಡ್ಡಮ್ಮನ ಎಂಬತ್ತರ ಹುಟ್ಟುಹಬ್ಬದ ಔತಣದಲ್ಲಿ ನಾವು ಹಾಗೆ ಸಾಯುವ ಹಂತಕ್ಕೆ ಬಂದಿದ್ದೆವು.

ದೊಡ್ಡಪ್ಪ ಹೋದ ಮೇಲೆ ಆಕೆ ಒಂದು ತಿಂಗಳು ಹಿರಿಮಗ ದೆಹೌನ ಮನೆ, ಒಂದು ತಿಂಗಳು ಕಿರಿಮಗ ದೆಪಿಂಗನ ಮನೆ ಎಂದು ಓಡಾಡಿಕೊಂಡಿದ್ದಳು. ಔತಣವನ್ನೇನೋ ಇಬ್ಬರೂ ಸೇರಿ ಹೋಟೆಲಿನಲ್ಲಿ ಜೋರಾಗಿಯೇ ಏರ್ಪಡಿಸಿದ್ದರು. ಕೆಂಪು ಪರದೆ, ಇಡಿಯ ಮೀನು, ನೀಳ ಆಯುಸ್ಸಿಗೆಂದು ನೀಳ ಶಾವಿಗೆ. ಎಲ್ಲ ಬಡಿಸಿಯಾಗಿತ್ತು. ಕೈ ತೊಳೆಯಲು ಹೊರಗೆ ಹೋದ ದೊಡ್ಡಮ್ಮ ಬಂದು ಕೂತಳು. ಕಡ್ಡಿ ಮಾತ್ರ ಎತ್ತಲಿಲ್ಲ.

"ಅಮ್ಮಾ, ಶುರು ಮಾಡು," ಎಂದ ದೆಹೌ, ಹಲ್ಲು ಕಿರಿದು.

"ದೆಪಿಂಗನ ಕಾರಿನ ಡಿಕ್ಕಿ ತೆಗೆದು ಹೆಂಡದ ಬಾಟ್ಲಿ ಇಳಿಸ್ತಿದ್ರು. ಒಳಗೆ ನನ್ನ ಹಾಸಿಗೆ ಸುರುಳಿ ಇತ್ತು. ಯಾಕೆ?"

"ಒಗೆಸೋಕೆ ಕೊಡೋಣ ಅಂತ," ಎಂದ ದೆಹೌ.

"ಪಕ್ಕದಲ್ಲೇ ನಿಮ್ಮಪ್ಪನ ಫೋಟೋನೂ ಇತ್ತು. ಅವರನ್ನೂ ಒಗೆಸ್ತೀಯಾ?"

ಅಕ್ಕಪಕ್ಕದ ಮೇಜಿನವರು ಕಿವಿ ಇತ್ತ ಚಾಚಿದರು.

ದೆಪಿಂಗ್ ಬೆವರು ಒರೆಸಿಕೊಂಡ. "ಒಳ್ಳೇ ವೃದ್ಧಾಶ್ರಮ ಅಮ್ಮಾ. ಬಿಸಿನೀರಿದೆ, ಡಾಕ್ಟ್ರಿದಾರೆ. ಊಟ ಆದ್ಮೇಲೆ ಹೇಳೋಣ ಅಂತಿದ್ವಿ."

"ಹಂದೀನೂ ಹೊಟ್ಟೆ ತುಂಬಾ ಉಣ್ಣಿಸೇ ಗಾಡಿ ಹತ್ತಿಸ್ತಾರೆ ಕಣೋ." ದೊಡ್ಡಮ್ಮನ ದನಿ ಏರಲಿಲ್ಲ. ಏರಿದ್ದರೆ ನಮಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. "ಆಶ್ರಮ ಕೆಟ್ಟದ್ದು ಅಂತ ನಾನಂದ್ನಾ? ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಈಗ ನಾನು ಕೇಳ್ತೀನಿ. ನಮ್ಮನೇಲೇ ಇರು ಅನ್ನೋರು ಇಲ್ಲಿ ಯಾರಾದ್ರೂ ಇದೀರಾ? ಉತ್ತರ ಬರಲಿ, ಆಮೇಲೆ ಉಣ್ತೀನಿ."

ದೆಹೌ ಹೆಂಡತಿಯ ಮುಖ ನೋಡಿದ. ಹೆಂಡತಿ ಮೀನಿನ ಮುಖ ನೋಡಿದಳು. ಮೀನಿಗೆ ಹೇಳುವುದೇನೂ ಇರಲಿಲ್ಲ. ದೆಪಿಂಗ್ ತನ್ನ ಮನೆಯ ಲಿಫ್ಟು ಕೆಟ್ಟಿರುವ ಕಥೆ ತೆಗೆದು, ಅರ್ಧಕ್ಕೇ ಬಿಟ್ಟ. ನೆಂಟರಾದ ನಾವು ಶಾವಿಗೆ ನೋಡುತ್ತ ಕೂತೆವು. ಅದು ಸಾರನ್ನೆಲ್ಲ ಹೀರಿ ಬಟ್ಟಲಲ್ಲಿ ಊದಿಕೊಳ್ಳುತ್ತಿತ್ತು. ನನ್ನ ಮನೆಯಲ್ಲೂ ಒಂದು ಖಾಲಿ ಕೋಣೆಯಿದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಆಗಲೇ ಅಡುಗೆಮನೆಯ ಬಾಗಿಲಿಂದ ರುಯಿಂಗ್ ಬಂದಳು, ಪೀಚ್ ಹಣ್ಣಿನ ಆಕಾರದ ಕಡುಬಿನ ತಟ್ಟೆ ಹಿಡಿದು. ಗಂಡ ದೆಪಿಂಗನನ್ನು ಬಿಟ್ಟು ವರ್ಷಗಳಾದವಳು. ಪೇಟೆಯಲ್ಲಿ ಸ್ವಂತ ಕಡುಬಿನಂಗಡಿ. ಹುಟ್ಟುಹಬ್ಬದ ಕಡುಬು ಅವಳ ಕೈಯದ್ದೇ ಆಗಬೇಕೆಂದು ದೊಡ್ಡಮ್ಮ ಹಟ ಹಿಡಿದಿದ್ದಳು. ಅಷ್ಟಕ್ಕೇ ಅವಳು ಬಂದದ್ದು, ಅದೂ ಹಿಂಬಾಗಿಲಿನಿಂದ.

"ಅತ್ತೆ, ಅಂಗಡಿ ಹಿಂದಿನ ಕೋಣೆ ಖಾಲಿ ಇದೆ. ನಸುಕಿಗೇ ಹಿಟ್ಟು ಬಡಿಯೋ ಗದ್ದಲ, ನಿದ್ದೆ ಕೆಡುತ್ತೆ. ಅಡ್ಡಿಯಿಲ್ಲ ಅಂದ್ರೆ ಬನ್ನಿ."

"ಏ, ನೀನ್ಯಾರೇ ಈಗ ಈ ಮನೆಗೆ?" ದೆಪಿಂಗ್ ಎದ್ದು ನಿಂತ.

"ಯಾರೂ ಅಲ್ಲಪ್ಪ. ಅದಕ್ಕೇ ನನಗೆ ಹೇಳೋದು ಸುಲಭ."

"ನಿದ್ದೆ ನನಗೆ ಮೊದಲೇ ಇಲ್ಲ," ಎಂದ ದೊಡ್ಡಮ್ಮ, ಮೇಜಿನ ನಡುವೆ ಮೀನಿಟ್ಟಿದ್ದ ತಿರುಗುವ ಗಾಜಿನ ಹಲಗೆಗೆ ಕೈ ಹಚ್ಚಿದಳು.

ಮೀನು ನಿಧಾನವಾಗಿ ತಿರುಗಿತು. ದೆಹೌನನ್ನು ದಾಟಿತು, ಅವನ ಹೆಂಡತಿಯನ್ನು ದಾಟಿತು, ನನ್ನನ್ನೂ ದಾಟಿತು. ತಟ್ಟೆ ಹಿಡಿದು ನಿಂತಿದ್ದ ರುಯಿಂಗಳ ಎದುರು ಅದರ ತಲೆ ನಿಂತಿತು. ಬಿಟ್ಟುಹೋದ ಸೊಸೆಗೆ ಹಿರಿಯರ ಮರ್ಯಾದೆ! ಹಿಂದಿನ ಮೇಜಿನಲ್ಲಿ ಯಾರದೋ ಲೋಟ ಉರುಳಿತು.

ದೊಡ್ಡಮ್ಮ ಆಗ ಕಡ್ಡಿ ಎತ್ತಿದಳು. ಮೀನಿನ ಕೆನ್ನೆಯ ಮೆತ್ತನೆಯ ಮಾಂಸ ಬಿಡಿಸಿ ರುಯಿಂಗಳ ಕೈಯಲ್ಲಿದ್ದ ತಟ್ಟೆಯಲ್ಲಿಟ್ಟಳು. ತಾನೊಂದು ಕಡುಬು ತೆಗೆದುಕೊಂಡು ಕಚ್ಚಿದಳು.

"ದೆಪಿಂಗಾ, ಸಾಮಾನು ಹೇಗೂ ತುಂಬಿದೀಯ. ಊಟ ಆದ್ಮೇಲೆ ಗಾಡೀನ ಕಡುಬಿನಂಗಡಿಗೆ ತಿರುಗಿಸು. ನಿಮ್ಮಪ್ಪನ ಫೋಟೋ ಜೋಪಾನ." ಆಮೇಲೆ ನಮ್ಮತ್ತ ನೋಡಿ, "ಏನು ನೋಡ್ತೀರಾ? ಉಣ್ಣಿ!" ಎಂದಳು.

ಹಿರಿಯರು ಕಡ್ಡಿ ಎತ್ತಿಯಾಗಿತ್ತು, ಅಪ್ಪಣೆಯೂ ಆಗಿತ್ತು. ನಮ್ಮಲ್ಲೊಬ್ಬರ ಕೈಯೂ ಏಳಲಿಲ್ಲ.