ವಿಭೂತಿ ಹಚ್ಚಿದ ಸಿ.ಡಿ.

ಆಯುಧಪೂಜೆಯ ದಿನ ದಾವಣಗೆರೆಯ ಆನೆಕೊಂಡದ ಸರ್ವಮಂಗಳಮ್ಮನ ಮನೆಯಲ್ಲಿ ವಿಭೂತಿ ಕಾಣದ ವಸ್ತು ಒಂದೂ ಉಳಿಯಲಿಲ್ಲ. ಈಳಿಗೆಮಣೆ, ಗ್ಯಾಸ್ ಒಲೆ, ಹೊಲಿಗೆ ಮಷಿನ್ನು, ಗಂಡ ಬಟ್ಟೆ ಅಳೆಯುತ್ತಿದ್ದ ಹಳೆಯ ಗಜಕಡ್ಡಿ, ಎಲ್ಲದರ ಮೇಲೂ ಮೂರು ಬೆರಳಿನ ಪಟ್ಟೆ ಬಿತ್ತು. ಕೊನೆಗೆ ಸಿ.ಡಿ. ಪ್ಲೇಯರಿನ ಸರದಿ. ಅದರ ನೆತ್ತಿಗೆ ಹಚ್ಚಿದವಳು, ಒಳಗಿರುವುದೇನು ಪಾಪ ಮಾಡಿದೆ ಎಂದು ಮುಚ್ಚಳ ತೆರೆದು ಸಿ.ಡಿ.ಯನ್ನೂ ಹೊರತೆಗೆದಳು. ಅಕ್ಷರ ಬರೆದ ಕಡೆ ಬೆನ್ನು, ಕನ್ನಡಿಯಂತೆ ಹೊಳೆಯುವ ಕಡೆ ಮುಖ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಮುಖ ಬಿಟ್ಟು ಬೆನ್ನಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ವಿಭೂತಿಯನ್ನು ನೀರಲ್ಲಿ ಕಲಸಿ ಧಾರಾಳವಾಗಿಯೇ ಹಚ್ಚಿದಳು.

ಮರುದಿನ ಗಂಡ ಕೆಂಚವೀರಪ್ಪ ಮೆಕ್ಕೆಜೋಳದ ಕಟಾವು ನೋಡಿಕೊಳ್ಳಲು ಕುಕ್ಕುವಾಡಕ್ಕೆ ಹೊರಟ. ಅವನು ಅತ್ತ ಹೋದ ಮೇಲೆ ಇವಳು ಒಣಗಿದ ವಿಭೂತಿಯನ್ನು ಸೆರಗಿನಿಂದ ಚೆನ್ನಾಗಿ ಉಜ್ಜಿ ಒರೆಸಿದಳು. ಹೊಳಪಿನ ಮೇಲೆ ಗೆರೆಗಳು ಕಂಡವು. ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದರೆ ಕಿರ್ ಕಿರ್ ಎಂದು ಸುತ್ತಿ ಸುಮ್ಮನಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಅದು ಅಂಗಡಿಯಲ್ಲಿ ಸಿಗುವ ಸಿ.ಡಿ. ಆಗಿದ್ದರೆ ಚಿಂತೆ ಇರಲಿಲ್ಲ. ಚೌಕಿಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಕೆಂಚವೀರಪ್ಪನಿಗೆ ಇದ್ದದ್ದು ಒಂದೇ ಖಯಾಲಿ, ಅವನ ತಾಯಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಹಾಡುವುದು. ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಗಂಟಲಿಗೆ ಆಪರೇಷನ್ ಆಗಬೇಕು, ಆಮೇಲೆ ದನಿ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದರು. ಮಗಳು ವಾಣಿ ಅಪ್ಪನನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆದೊಯ್ದು ಒಂಬತ್ತು ಪದ ಹಾಡಿಸಿ ಒಂದು ಸಿ.ಡಿ. ಮಾಡಿಸಿಕೊಟ್ಟಳು. ಇನ್ನೊಂದನ್ನು ನಿಧಾನವಾಗಿ ಮಾಡಿಸಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಆ ಸ್ಟುಡಿಯೋ ಬಾಗಿಲು ಹಾಕಿತು. ಆಪರೇಷನ್ ಆದ ಮೇಲೆ ಕೆಂಚವೀರಪ್ಪನಿಗೆ ಉಳಿದದ್ದು ಪಿಸುಮಾತು ಮಾತ್ರ. ದಿನಾ ಸಂಜೆ ಅವನು ಕುರ್ಚಿ ಎಳೆದುಕೊಂಡು ತನ್ನ ದನಿಯನ್ನು ತಾನೇ ಕೇಳುತ್ತ ಕೂರುತ್ತಿದ್ದ.

ಸರ್ವಮಂಗಳಮ್ಮ ಮಾತ್ರ ಒಂದು ದಿನವೂ ಜೊತೆಗೆ ಕೂತವಳಲ್ಲ. ಅವನಿಗೆ ದನಿ ಇದ್ದಾಗ, "ಬೀಸೋ ಕಲ್ಲೇ ವಾಸಿ, ಹಿಟ್ಟಾದ್ರೂ ಕೊಡ್ತೈತೆ" ಎಂದು ಆಡಿಕೊಂಡವಳು. ಸಿ.ಡಿ. ಬಂದ ಮೇಲೆ ಅದು ಶುರುವಾದ ಕೂಡಲೇ ಹಿತ್ತಿಲಿಗೆ ಹೋಗಿ ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗುತ್ತಿದ್ದಳು. "ನಂಗೆ ಹಾಡು ಗೀಡು ತಿಳಿಯಂಗಿಲ್ರಿ" ಅನ್ನುವುದು ಅವಳ ನೆಪ.

ದಾವಣಗೆರೆಯ ಎರಡು ಅಂಗಡಿಯವರು ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿ, ಕಥೆ ಮುಗಿದಿದೆ ಎಂದು ವಾಪಸ್ ಕೊಟ್ಟರು. ಮೂರನೆಯವನು ಹರಿಹರದ ಹಿದಾಯತ್‌ನ ಹೆಸರು ಹೇಳಿದ. ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಈಗ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡವನು. ಗಂಡ ಬರಲು ಒಂದೇ ದಿನ ಬಾಕಿ. ಸರ್ವಮಂಗಳಮ್ಮ ಸಿ.ಡಿ.ಯನ್ನು ರೇಷ್ಮೆ ಕುಪ್ಪಸದ ಕಣದಲ್ಲಿ ಸುತ್ತಿ ಹರಿಹರದ ಬಸ್ಸು ಹತ್ತಿದಳು.

"ಏನು ಹಚ್ಚಿದ್ರಿ ಅಮ್ಮಾ ಇದಕ್ಕೆ?" ಹಿದಾಯತ್ ಕೇಳಿದ.

"ವಿಭೂತಿ."

"ಒರೆಸಿದ್ದು ಹೆಂಗೆ?"

"ತಾಟು ಒರೆಸಿದಂಗೆ, ಸುತ್ತಲೂ."

ಅವನು ನಗಲಿಲ್ಲ. "ಅಲ್ಲೇ ಎಡವಟ್ಟಾಗಿದ್ದು ನೋಡ್ರಿ. ಇದ್ರಾಗೆ ಹಾಡು ಇರೋದೂ ಸುತ್ತು ಸುತ್ತಾಗೇ. ನಡುವಿಂದ ಅಂಚಿಗೆ ನೆಟ್ಟಗೆ ಒರೆಸಿದ್ರೆ ಗೆರೆ ಹಾಡನ್ನ ದಾಟಿ ಹೋಗ್ತಿತ್ತು. ಈಗ ಹಾಡಿನ ದಾರಿ ಮ್ಯಾಲೇ ಬಿದ್ದೈತೆ."

"ನನ್ನ ಕೈ ಮುರೀಲಿ" ಎಂದಳು ಸರ್ವಮಂಗಳಮ್ಮ. "ಅವರ ದನಿ ಇರೋದು ಇದೊಂದ್ರಾಗೇ ತಮ್ಮಾ. ಮನುಷ್ಯ ಮಾತಾಡಿದ್ರೆ ಪಕ್ಕದಾಗಿದ್ದ ನಂಗೇ ಕೇಳಂಗಿಲ್ಲ."

"ಫಿಕರ್ ಮಾಡಬ್ಯಾಡ್ರಿ, ನೋಡಾಣ. ಹಾಡು ಹಾಡು ಬಿಡಿಸಿ ತೆಗೆಯೋದು ಬ್ಯಾಡ. ಇಡೀ ಸಿ.ಡಿ. ಇದ್ದಂಗೇ ಒಂದೇ ಫೈಲ್ ಮಾಡಿ ಕಂಪ್ಯೂಟರಿಗೆ ಇಳಿಸ್ತೀನಿ. ಇಮೇಜ್ ಅಂತಾರೆ. ಅದೊಂದು ಸಿಕ್ಕಿದ್ರೆ ಎಷ್ಟು ಸಿ.ಡಿ. ಬೇಕಾದ್ರೂ ಬರೀಬೋದು."

"ಫೋಟೋ ತೆಗೆದಂಗಾ?"

"ಫೋಟೋ ಅಲ್ರಿ. ಅರ್ಧ ಒಣಗಿದ ಸಂಡಿಗೆ ಒಂದೊಂದೇ ಎತ್ತಿದ್ರೆ ಮುರೀತಾವಲ್ಲ, ಬಟ್ಟೆ ಸಮೇತ ಎತ್ತತೀವಲ್ಲ, ಹಂಗೆ."

ಸಂಡಿಗೆ ಎಂದ ಮೇಲೆ ಅವಳಿಗೆ ತಿಳಿಯದ್ದು ಏನೂ ಉಳಿಯಲಿಲ್ಲ.

ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಿದಾಯತ್ ತಾನು ಕೂಡಿಟ್ಟಿದ್ದ ಸಿನಿಮಾ ಹಾಡುಗಳನ್ನು ಅಳಿಸಿದ. ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿ, ಎಲ್ಲಕ್ಕಿಂತ ನಿಧಾನದ ವೇಗಕ್ಕೆ ಇಟ್ಟ. ತೆರೆಯ ಮೇಲೆ ಅಂಕಿಗಳು ಒಂದೊಂದಾಗಿ ಏರಿದವು. ಅರವತ್ತೊಂದಕ್ಕೆ ಬಂದು ನಿಂತುಬಿಟ್ಟಿತು. ಅವನು ತೆಗೆದು, ಒರೆಸಿ, ಮತ್ತೆ ಹಾಕಿದ. ಅದೇ ಅರವತ್ತೊಂದು. ಸರ್ವಮಂಗಳಮ್ಮ ಕತ್ತಿನ ಲಿಂಗದ ಕರಡಿಗೆ ಹಿಡಿದುಕೊಂಡು ಅಂಕಿಯನ್ನೇ ನೋಡುತ್ತ ಕೂತಳು. ನಾಲ್ಕು ಸಲ ಹೀಗಾಗಿ, ಎರಡು ಚಹಾ ಮುಗಿದು, ಐದನೆಯ ಸಲ ಅದು ಅರವತ್ತೆರಡಕ್ಕೆ ದಾಟಿತು. ಸಂಜೆ ನಾಲ್ಕಕ್ಕೆ ನೂರಾಯಿತು.

"ಕೇಳಿ ನೋಡ್ರಿ" ಎಂದು ಅವಳ ಕಿವಿಗೆ ಹೆಡ್‌ಫೋನ್ ಹಾಕಿದ.

ಅಷ್ಟು ಹತ್ತಿರದಿಂದ ಗಂಡನ ದನಿ ಕೇಳಿ ಎರಡು ವರ್ಷವಾಗಿತ್ತು. ಹಿತ್ತಿಲಿಗೆ ಓಡಲು ಇಲ್ಲಿ ಹಿತ್ತಿಲಿರಲಿಲ್ಲ, ಬೆಳಗಲು ಪಾತ್ರೆಯೂ ಇರಲಿಲ್ಲ. ಹಾಡು ತಿಳಿಯದೆ ಓಡುತ್ತಿದ್ದವಳಲ್ಲ ಅವಳು. ಈ ದನಿ ಇನ್ನು ತನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂಬುದನ್ನು ತಡೆಯಲಾರದೆ ಓಡುತ್ತಿದ್ದಳು. ಹಿದಾಯತ್ ಬೇರೆ ಕಡೆ ತಿರುಗಿ ಯಾವುದೋ ವೈರನ್ನು ಸುತ್ತುತ್ತ ಕೂತ. ಅವಳು ಅತ್ತು ಮುಗಿಸುವವರೆಗೆ ಅದನ್ನು ಬಿಚ್ಚಿ ಬಿಚ್ಚಿ ಸುತ್ತಿದ.

ಆರನೇ ಪದದ ನಡುವೆ ದನಿ ತಟ್ಟನೆ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ಏಳು ಸೆಕೆಂಡ್ ಹೋಗೈತೆ ಅಮ್ಮಾ. ಅಲ್ಲಿ ಏನೂ ಉಳಿದಿಲ್ಲ. ಆ ಖಾಲಿ ಜಾಗ ಕತ್ತರಿಸಿ ಆಚೀಚೆ ಕೂಡಿಸಿಬಿಡಲೇನು? ಗೊತ್ತಾಗಂಗಿಲ್ಲ."

"ಬ್ಯಾಡ. ಬಟ್ಟೆ ಅಂಗಡಿಯವರು, ಅಳತಿ ಕಮ್ಮಿ ಆದ್ರೆ ಅವರಿಗೆ ತಿಳೀತೈತೆ. ಮುಚ್ಚಿಡೋ ಕೆಲಸ ನಂಗೆ ಬ್ಯಾಡ. ಎಷ್ಟು ಹೋಗೈತೋ ಅಷ್ಟು ಕಾಣಲಿ."

ಹಿದಾಯತ್ ಎರಡು ಹೊಸ ಸಿ.ಡಿ. ಬರೆದುಕೊಟ್ಟ. ಇಮೇಜನ್ನು ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿರುತ್ತೇನೆ ಎಂದೂ ಹೇಳಿದ.

ಮರುದಿನ ಕೆಂಚವೀರಪ್ಪ ಬಂದು ಕೈಕಾಲು ತೊಳೆದು ಕೂತ ಕೂಡಲೇ ಅವಳು ಎಲ್ಲವನ್ನೂ ಹೇಳಿದಳು. ವಿಭೂತಿ, ಸೆರಗು, ಹರಿಹರ, ಏಳು ಸೆಕೆಂಡು, ಯಾವುದನ್ನೂ ಬಿಡಲಿಲ್ಲ. ಅವನ ಮುಖ ಸಣ್ಣದಾಯಿತು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು, ಆದರೆ ಬೈಯಲು ಅವನಿಗೆ ದನಿ ಎಲ್ಲಿತ್ತು? ಎದ್ದು ಹೊಸ ಸಿ.ಡಿ. ಹಾಕಿ ಕುರ್ಚಿ ಎಳೆದುಕೊಂಡು ಕೂತ. ಸರ್ವಮಂಗಳಮ್ಮ ಈ ಸಲ ಹಿತ್ತಿಲಿಗೆ ಹೋಗಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಬಳ್ಳೊಳ್ಳಿ ಬಿಡಿಸುತ್ತ ಕೂತಳು.

ಐದು ಪದ ಮುಗಿದವು. ಆರನೆಯದು ಬಂತು.

"ಹಿಡಿಜೋಳ ಹಾಕೇನ, ಹಿಟ್ಟಾಗಿ ಬಾರವ್ವ..."

ದನಿ ನಿಂತಿತು. ಕೆಂಚವೀರಪ್ಪ ಕಣ್ಣು ಮುಚ್ಚಿಕೊಂಡ.

"ನುಡಿಯೊಂದು ಹಾಕೇನ, ಹಾಡಾಗಿ ಬಾರವ್ವ" ಎಂದಳು ಸರ್ವಮಂಗಳಮ್ಮ. ಬಳ್ಳೊಳ್ಳಿಯಿಂದ ತಲೆ ಎತ್ತಲಿಲ್ಲ. ರಾಗ ಅಲ್ಲಲ್ಲಿ ಜಾರಿತು, ದನಿ ಒಡೆಯಿತು, ಆದರೆ ಅಕ್ಷರ ತಪ್ಪಲಿಲ್ಲ. ಅವಳು ಮುಗಿಸುವಷ್ಟರಲ್ಲಿ ಪ್ಲೇಯರಿನಿಂದ ಗಂಡನ ದನಿ ಬಂದು ಮುಂದಿನ ಸಾಲನ್ನು ಎತ್ತಿಕೊಂಡಿತು.

ಕೆಂಚವೀರಪ್ಪ ಕುರ್ಚಿಯಲ್ಲಿ ತಿರುಗಿ ಹೆಂಡತಿಯನ್ನು ನೋಡಿದ. ತುಟಿ ಅಲ್ಲಾಡಿತು. ಏನೆಂದು ಕೇಳಲು ಅವಳು ಎದ್ದು ಹತ್ತಿರ ಹೋಗಿ ಬಗ್ಗಬೇಕಾಯಿತು.

"ತಿಳಿಯಂಗಿಲ್ಲ ಅಂತಿದ್ದೆ" ಎಂದು ಅವನು ಪಿಸುಗುಟ್ಟಿದ.

ಕೆಂಚವೀರಪ್ಪ ಕೈ ಚಾಚಿ, ಆರನೇ ಪದದ ಮೊದಲಿಗೆ ಬರುವ ಹಾಗೆ ಗುಂಡಿ ಒತ್ತಿ, ತನ್ನ ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಎಳೆದ.