ಮೇಲಕ್ಕೆ ಹೋಗುವ ಕೇಬಲ್ಲು

ಪರದೆಯ ಹಿಂದಿನಿಂದ ಚಿಕ್ಕಪ್ಪ ಸಾದಿಕ್ ಪಾಷಾ ಖಾಲಿ ಬಿಂದಿಗೆಯನ್ನು ಹೊರಕ್ಕೆ ಚಾಚಿ, "ಇನ್ನೊಂದು ಕೊಡು, ಬೇಟಿ" ಎಂದ. ತಾಹಿರಾ ಎಲಚಿ ಸೊಪ್ಪು ಹಾಕಿ ಕಾಯಿಸಿದ್ದ ನೀರನ್ನು ಹಂಡೆಯಿಂದ ತುಂಬಿಕೊಟ್ಟಳು. ಒಳಗೆ ಹಲಗೆಯ ಮೇಲೆ, ತೀರಿಕೊಂಡ ಅವಳ ಅಪ್ಪ ನೂರುಲ್ಲಾನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಅದು ಗಂಡಸರ ಕೆಲಸ. ಅವಳು ಪರದೆಯ ಈಚೆಗೇ ನಿಲ್ಲಬೇಕು.

"ಈ ಬೆರಳಿನ ಸುಕ್ಕು ಹೋಗ್ತಾನೇ ಇಲ್ಲವಲ್ಲ," ಒಳಗೆ ಯಾರೋ ಅಂದರು.

"ಅದು ಹೋಗಲ್ಲ ಬಿಡಿ. ಇಪ್ಪತ್ತೆರಡು ವರ್ಷ ಕುದಿಯೋ ನೀರಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳು," ಎಂದ ಸಾದಿಕ್ ಪಾಷಾ. "ಅಣ್ಣ ಅದನ್ನ ಜೊತೇಲೇ ತಗೊಂಡು ಹೋಗ್ತಾನೆ."

ಅಷ್ಟರಲ್ಲಿ ವೆಂಕಟರವಣಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ನಾಲ್ಕು ಮನೆ ಆಚೆಗಿರುವ ರೇಷ್ಮೆ ಕಂಪನಿಯ ಕಚೇರಿಗೆ ಅವನು ಕಾವಲುಗಾರ, ನೂಲು ಬಿಚ್ಚುವ ಕೆಲಸ ಬಿಟ್ಟ ಮೇಲೆ ನೂರುಲ್ಲಾ ಅಲ್ಲೇ ಜವಾನನಾಗಿದ್ದ. ಒಂದೇ ಬೀಡಿ ಕಟ್ಟು ಹಂಚಿಕೊಂಡವರು. ಈಗ ಅವನು ತಾಹಿರಾಳ ಮುಖ ನೋಡದೆ ಹಂಡೆಯನ್ನೇ ನೋಡುತ್ತಿದ್ದ.

"ತಾಹಿರಮ್ಮ, ಇವತ್ತು ಹೇಳೋ ಮಾತಲ್ಲ ಇದು. ಬೇರೆಯವರ ಬಾಯಲ್ಲಿ ಕೇಳೋದು ಬೇಡ ಅಂತ ಬಂದೆ. ಬೆಂಗಳೂರಿಂದ ಇಂಜಿನಿಯರ್ ಬಂದವ್ರೆ. ಕೇಬಲ್‌ನಾಗೆ ಜಾಯಿಂಟು ಸಿಕ್ತು. ಪೈಪಿನ ಹಿಂದುಗಡೆ. ಮೇಲಕ್ಕೆ ಹೋಗೋ ಕೇಬಲ್ಲೇ."

ಅವಳು ಚೊಂಬನ್ನು ಹಂಡೆಯ ಪಕ್ಕಕ್ಕಿಟ್ಟಳು.

ಅಕ್ಟೋಬರ್ ಮೊದಲ ವಾರ ಕಚೇರಿಯ ಮಾಳಿಗೆಯ ಮೇಲಿನ ಡಿಶ್ಶು ಮೂಕವಾಗಿತ್ತು. ಬೆಂಗಳೂರಿನಿಂದ ಬರುವುದೆಲ್ಲ ಬರುತ್ತಿತ್ತು, ಶಿಡ್ಲಘಟ್ಟದಿಂದ ಏನೂ ಹೋಗುತ್ತಿರಲಿಲ್ಲ. ಗೂಡಿನ ಮಾರುಕಟ್ಟೆಯ ದರವನ್ನು ದಿನಾ ಬೆಳಿಗ್ಗೆ ಆಕಾಶದ ಉಪಗ್ರಹಕ್ಕೆ ಕಳಿಸಲೆಂದೇ ಅದನ್ನು ತಂದಿದ್ದರು. ಇಂಜಿನಿಯರ್ ಚನ್ನಕೇಶವ ಬಂದು, ಕೆಳಗೆ ಕಚೇರಿಯಲ್ಲಿದ್ದ ಯಂತ್ರದ ಪೆಟ್ಟಿಗೆ ಬದಲಿಸಿದ. ಎರಡನೇ ಸಲ ಬಂದು ಮತ್ತೆ ಬದಲಿಸಿದ. ಆಗಲೂ ಹೋಗಲಿಲ್ಲ. ನೂರುಲ್ಲಾ ಡಿಶ್ಶನ್ನು ಬಟ್ಟೆಯಲ್ಲಿ ಒರೆಸುವುದನ್ನು ಅವನು ನೋಡಿದ್ದ. ಜವಾನ ಯಂತ್ರದ ಮೇಲೆ ಕೈಯಾಡಿಸಿ ಕೆಡಿಸಿದ್ದಾನೆ, ಇವನನ್ನು ದೂರವಿಡಬೇಕು ಎಂದು ವರದಿಯಲ್ಲಿ ಬರೆದ. ಎರಡು ಸಾಲು. ಒಬ್ಬ ಮನುಷ್ಯನಿಗೆ ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಬರಬೇಡ ಎಂದರು. ಪೇಟೆಯಲ್ಲಿ ಅವನಿಗೆ 'ಡಿಶ್ ಕೆಡಿಸಿದ ನೂರು' ಎಂದು ಹೆಸರು ಬಿತ್ತು. ಐದು ವಾರ ಕಳೆದು, ನೂಲು ಬಿಚ್ಚುವ ಆವಿ ಕುಡಿದು ಮೊದಲೇ ಹಾಳಾಗಿದ್ದ ಅವನ ಎದೆ ನಿಂತುಹೋಯಿತು.

ಸಾದಿಕ್ ಪಾಷಾ ಒದ್ದೆ ತೋಳು ಮಡಿಚಿಕೊಂಡು ಹೊರಗೆ ಬಂದ. ಅವನಿಗೂ ಕೇಳಿಸಿತ್ತು.

"ಹಂಗಾದ್ರೆ ಅದನ್ನೂ ಸೇರಿಸಿಬಿಡ್ತೀನಿ."

ಶವಯಾತ್ರೆಗೆ ಜನಾಜಾ ಎತ್ತುವ ಮುನ್ನ ಮನೆಯವರೊಬ್ಬರು ಬಾಗಿಲಲ್ಲಿ ನಿಂತು, ಸತ್ತವರು ಆಡಿದ್ದು ಮಾಡಿದ್ದನ್ನು ಮನ್ನಿಸಿ ಎಂದು ನೆರೆದವರನ್ನು ಕೇಳಬೇಕು. 'ಕಹಾ ಸುನಾ ಮಾಫ್.' ನೂರುಲ್ಲಾನಿಗೆ ಗಂಡುಮಕ್ಕಳಿಲ್ಲ, ಕೇಳಬೇಕಾದವನು ತಮ್ಮ.

"ಕಂಪನಿ ಮೆಷಿನ್ ಕೆಡಿಸಿದ್ದಾನೆ, ತಿಳೀದೆ ಮಾಡಿದ್ದು, ಮಾಫ್ ಮಾಡಿ ಅಂತೀನಿ. ಸತ್ತೋನ ಮೇಲೆ ಭಾರ ಇರಬಾರದು."

"ಕೇಳಿದ್ರೆ ಒಪ್ಪಿಕೊಂಡ ಹಂಗೆ, ಚಾಚಾ. ಮಣ್ಣು ಹಾಕೋಕೂ ಮುಂಚೆ ಊರ ಮುಂದೆ ನಾವೇ ಒಪ್ಪಿಕೊಂಡ ಹಂಗೆ. ಮುಟ್ಟಿಲ್ಲ ಅಂತ ಅಬ್ಬಾ ಹೇಳಿದ್ರು."

"ಜಾಯಿಂಟು ಸಿಕ್ಕಿದೆಯಲ್ಲಮ್ಮ!"

"ಜನಾಜಾ ಎಷ್ಟೊತ್ತಿಗೆ?"

"ಅಸರ್ ನಮಾಜಿಗೆ. ಇನ್ನು ಒಂದೂವರೆ ಗಂಟೆ."

"ಅಲ್ಲೀವರೆಗೂ ಏನೂ ತೀರ್ಮಾನ ಮಾಡಬೇಡಿ." ಅವಳು ದುಪಟ್ಟಾವನ್ನು ತಲೆಗೆ ಸುತ್ತಿಕೊಂಡಳು.

"ಎಲ್ಲಿಗೆ ಹೊರಟೆ? ಹೆಣ್ಮಕ್ಕಳು ಇಂಥ ದಿನ..."

"ಖಬರಸ್ತಾನಕ್ಕೆ ಬರಬೇಡ ಅಂದ್ರಿ, ಬರಲ್ಲ. ಮಾಳಿಗೆಗೆ ಹೋಗಬೇಡ ಅಂತ ಯಾರೂ ಹೇಳಿಲ್ಲ."

ಮೂಲೆಯಲ್ಲಿ ಕೂತಿದ್ದ ಅವಳ ತಾಯಿ ಶಹಜಾದಿ ತಲೆ ಎತ್ತಿದಳು. "ಹೋಗಲಿ ಬಿಡಿ. ಮೇಲಕ್ಕೆ ಹೋಗೋದು ಎಲ್ಲಿ ನಿಂತಿದೆ ಅಂತ ಗೊತ್ತಾದ್ರೆ ಸಾಕು ಅಂತ ಅವಳ ಅಬ್ಬಾ ಅಂತಿದ್ರು. ಹೋಗಿ ನೋಡ್ಕೊಂಡು ಬರಲಿ."

*

ಅದೇ ವರ್ಷ, ತೊಂಬತ್ತೇಳರ ಫೆಬ್ರವರಿ. ಡಿಶ್ಶು ಬಂದ ದಿನ ಅದನ್ನು ನೋಡಲು ಅರ್ಧ ಪೇಟೆ ಮಾಳಿಗೆ ಹತ್ತಿತ್ತು. ಕೆಲವರು ಇದರಲ್ಲಿ ಸಿನಿಮಾ ಬರುವುದಿಲ್ಲ ಎಂದು ತಿಳಿದು ಇಳಿದುಹೋದರು. ನೂರುಲ್ಲಾ ಇಳಿಯಲಿಲ್ಲ. ಏಣಿ ಹಿಡಿದುಕೊಂಡು ಕೇಳುತ್ತಲೇ ಇದ್ದ.

"ಕೇಬಲ್ಲು ಎರಡು ಯಾಕೆ ಸಾರ್?"

"ಒಂದು ಕೆಳಕ್ಕೆ ಬರೋದು, ಇನ್ನೊಂದು ಮೇಲಕ್ಕೆ ಹೋಗೋದು," ಎಂದ ಚನ್ನಕೇಶವ. ಮೊದಮೊದಲು ಅವನಿಗೂ ಖುಷಿಯಿತ್ತು. "ಪೆಟ್ಟಿಗೇಲಿ ಎರಡು ದೀಪ ಇದಾವೆ ನೋಡಿ. ಒಂದು ಕೇಳಿಸಿಕೊಳ್ಳೋದಕ್ಕೆ, ಒಂದು ಹೇಳೋದಕ್ಕೆ."

"ಅಷ್ಟು ದೂರದಿಂದ ಉಪಗ್ರಹ ಹೇಳಿದ್ದು ನಮಗೆ ಕೇಳಿಸುತ್ತೆ. ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತಾ?"

"ಕೇಳೋದು ಸುಲಭ ಸಾಬ್ರೇ. ಹೇಳೋದೇ ಕಷ್ಟ. ಅದಕ್ಕೆ ಶಕ್ತಿ ಬೇಕು. ಈ ಕೇಬಲ್‌ನಲ್ಲೇ ಕರೆಂಟೂ ಮೇಲಕ್ಕೆ ಹೋಗುತ್ತೆ, ಇಪ್ಪತ್ನಾಲ್ಕು ವೋಲ್ಟು."

ಡಿಶ್ಶಿನ ಮುಂದೆ ಚಾಚಿದ್ದ ಕಂಬಿಯ ತುದಿಗೆ ಕೇಬಲ್ಲನ್ನು ತಿರುಗಿಸಿ ಬಿಗಿಯುವಷ್ಟರಲ್ಲಿ ಕೆಳಗಿನಿಂದ ಊಟಕ್ಕೆ ಕೂಗಿದರು. ಮುದ್ದೆ, ನಾಟಿ ಕೋಳಿ ಸಾರು. ಚನ್ನಕೇಶವ ಕಪ್ಪು ಟೇಪಿನ ಸುರುಳಿಯನ್ನು ಜೇಬಿಗೆ ಹಾಕಿಕೊಂಡು ಇಳಿದ.

"ಸಾರ್, ಇದಕ್ಕೆ ಟೇಪು?"

"ಆಮೇಲೆ."

ಯಂತ್ರದ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ನೂರುಲ್ಲಾ ಸಂಜೆ ಮನೆಗೆ ತಂದು, ಪಿಯುಸಿ ಓದಿದ್ದ ಮಗಳ ಮುಂದೆ ಇಟ್ಟ. ಅವಳು ಒಂದೊಂದೇ ಸಾಲು ಓದಿ ಹೇಳಬೇಕು, ಅವನು ಅವರೆಕಾಯಿ ಸುಲಿಯುತ್ತಾ ಕೇಳಬೇಕು. ಹಾಗೆ ಒಂದು ತಿಂಗಳು ನಡೆಯಿತು. ಕೆಲಸ ಹೋದ ಮೇಲಿನ ಐದು ವಾರವೂ ಅದೇ ಪುಸ್ತಕ. ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಒಂದೇ ಪುಟ.

*

ಚನ್ನಕೇಶವ ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದುಕೊಂಡಿದ್ದ. ತಾಹಿರಾ ಮಾಳಿಗೆ ಹತ್ತಿ ಬಂದದ್ದನ್ನು ಕಂಡು ಅದನ್ನು ಕೆಳಗಿಳಿಸಿದ.

"ನಿಮ್ಮ ತಂದೆ ಹೋಗಿಬಿಟ್ರು, ನನಗೂ ಬೇಜಾರಿದೆಯಮ್ಮ. ಆದರೆ ನೀವೇ ನೋಡಿ. ಇದೇನು ಕೇಬಲ್ಲೋ ತಾಯತವೋ?"

ಅವಳು ಪೈಪಿನ ಹಿಂದೆ ಬಗ್ಗಿ ನೋಡಿದಳು. ಕಿರುಬೆರಳಿನ ದಪ್ಪಕ್ಕೆ ಹಳದಿ ಕಚ್ಚಾ ರೇಷ್ಮೆ ಸುತ್ತಿತ್ತು. ಎಳೆಯ ಪಕ್ಕ ಎಳೆ ಒತ್ತಾಗಿ ಕೂತಿತ್ತು, ಎಲ್ಲೂ ಗಂಟು ಕಾಣಲಿಲ್ಲ. ಮೇಲೆ ಮೇಣದಬತ್ತಿ ಕರಗಿಸಿ ಬಿಟ್ಟಿದ್ದರು. ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಹಲ್ಲಿನಲ್ಲಿ ಕಡಿದದ್ದು. ಹೀಗೆ ಸುತ್ತುವ ಕೈ ಯಾರದೆಂದು ಅವಳು ಕೇಳಬೇಕಾಗಿರಲಿಲ್ಲ.

ಅಬ್ಬಾ ಮುಟ್ಟಿದ್ದರು. ಮುಟ್ಟಿಲ್ಲ ಎಂದು ಅವಳಿಗೂ ಸುಳ್ಳು ಹೇಳಿದ್ದರು.

"ಆಯ್ತಲ್ಲ? ಇದನ್ನ ಕತ್ತರಿಸಿ ಹೊಸದು ಎಳೀತೀನಿ," ಎಂದ ಚನ್ನಕೇಶವ.

"ಅಳೆದ್ರಾ?"

"ಏನನ್ನ?"

"ಇದನ್ನ ದಾಟಿ ಕರೆಂಟು ಹೋಗ್ತಾ ಇದೆಯೋ ಇಲ್ವೋ ಅಂತ."

"ನೋಡಿದ್ರೇ ಗೊತ್ತಾಗುತ್ತಲ್ಲಮ್ಮ!"

"ನೋಡಿದ್ರೆ ಗೊತ್ತಾಗೋ ಹಾಗಿದ್ರೆ ಎರಡು ಪೆಟ್ಟಿಗೆ ಯಾಕೆ ಬದಲಾಯಿಸಿದ್ರಿ?" ಅವಳ ದನಿ ಏರಲಿಲ್ಲ. "ಇದನ್ನ ಕಟ್ಟಿದ್ದು ಯಾವಾಗ, ಅದನ್ನಾದ್ರೂ ಹೇಳಿ."

ಚನ್ನಕೇಶವನಿಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿದ್ದ ವೆಂಕಟರವಣಪ್ಪ ಹೆಗಲ ಮೇಲಿನ ಟವಲ್ಲನ್ನು ತೆಗೆದು ಮುದುರಿ ಹಿಡಿದುಕೊಂಡ.

"ಏಪ್ರಿಲ್‌ನಾಗೆ," ಎಂದ.

*

ಅಳಿಲು ಕೇಬಲ್ಲು ಕಡಿದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಹೇಳುವ ದೀಪ ಆರಿತು, ಹನ್ನೊಂದಕ್ಕೆ ದರ ಹೋಗಬೇಕು. ಕಾವಲಿಗೆ ಇದ್ದವನು ವೆಂಕಟರವಣಪ್ಪ.

"ದೇವುಡಾ! ನೂರಣ್ಣಾ, ನನ್ನ ಕೆಲಸ ಹೋಯ್ತು. ಎರಡು ಸಲ ವಾರ್ನಿಂಗ್ ಕೊಟ್ಟವ್ರೆ, ಇದು ಮೂರನೇದು. ನಿದ್ದೆ ಹೊಡೀತಿದ್ದ ಅಂತಾರೆ."

"ಹೊಡೀತಿದ್ದೆಯಾ?"

"ಹೊಡೀತಿದ್ದೆ."

ನೂರುಲ್ಲಾ ನಕ್ಕ, ನಕ್ಕಿದ್ದಕ್ಕೆ ಕೆಮ್ಮು ಬಂತು. ಮನೆಗೆ ಹೋಗಿ ದಾರದ ಉಂಡೆ, ಮೇಣದಬತ್ತಿ ತಂದ. ಕೆಳಗೆ ಸ್ವಿಚ್ಚು ಆರಿಸಿ ಬರಲು ಹೇಳಿ, ಕಡಿದ ತುದಿಗಳನ್ನು ಬಿಡಿಸಿದ. ನಡುವೆ ಒಂದೇ ತಾಮ್ರದ ತಂತಿ, ಅದರ ಸುತ್ತ ಬಿಳಿಯ ತಿರುಳು, ಹೊರಗೆ ಕೂದಲಿನಂಥ ಜಾಲರಿ. ಕುದಿನೀರಲ್ಲಿ ಸತ್ತ ಆ ಬೆರಳುಗಳು ಬಿಸಿ ತಂಪು ಅರಿಯುತ್ತಿರಲಿಲ್ಲ. ಎಳೆಯನ್ನು ಮಾತ್ರ ಅರಿಯುತ್ತಿದ್ದವು.

"ಒಳಗಿನದು ಒಳಗಿನದಕ್ಕೆ, ಹೊರಗಿನದು ಹೊರಗಿನದಕ್ಕೆ," ಎಂದು ತನಗೇ ಹೇಳಿಕೊಂಡ. "ನಮ್ಮ ಹುಡುಗಿ ಓದಿ ಹೇಳಿದ್ದಾಳೆ. ಅತ್ತೆ ಸೊಸೆ ಥರ ಕಣಪ್ಪ, ಒಂದೇ ಮನೇಲಿರಬೇಕು, ಒಂದಕ್ಕೊಂದು ತಾಗಬಾರದು. ನಡುವೆ ರೇಷ್ಮೆ."

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ದೀಪ ಹತ್ತಿತು.

"ಯಾರಿಗೂ ಹೇಳಬೇಡ ನೂರಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬೇಡ, ಬೀಡಿ ಕೊಡು. ಹೇಳಲ್ಲ."

*

"ಹೇಳಲಿಲ್ಲ," ಎಂದ ವೆಂಕಟರವಣಪ್ಪ. "ಅವನ ಕೆಲಸ ಹೋದಾಗ್ಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ."

ತಾಹಿರಾ ಅವನನ್ನು ನೋಡಿದಳು. ಬೈಯಲು ಇದು ಹೊತ್ತಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಜನಾಜಾದ ಖಾಲಿ ಮಂಚವನ್ನು ಮಸೀದಿಯಿಂದ ಹೊತ್ತು ತರುತ್ತಿದ್ದರು.

"ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೂ ದಿನಾ ದರ ಹೋಗಿದೆ," ಅವಳು ಚನ್ನಕೇಶವನ ಕಡೆ ತಿರುಗಿದಳು. "ಇದರ ಮೂಲಕವೇ ಹೋಗಿದೆ."

"ಆಮೇಲೆ ಮಳೆಗೆ ನೀರು ಇಳಿದಿರುತ್ತೆ."

"ಇಳಿದಿರುತ್ತೆ. ಎಲ್ಲಿ ಅಂತ ನೋಡೋಣ. ತುದಿಯಿಂದ ತುದಿಗೆ ಒಂದೊಂದನ್ನೇ ಬಿಚ್ಚಿ ನೋಡಿ ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಕೆಳಗಿನದು ಬಿಚ್ಚಿದ್ದೀರಿ. ಮೇಲಿನದು ಬಿಚ್ಚಿದ್ರಾ?"

"ಮೇಲಿನದು ಯಾಕೆ ಬಿಚ್ಚಲಿ? ಅದು ನಾನೇ ಹಾಕಿದ್ದು."

ಹೇಳಿದ ಮೇಲೆ ಆ ಮಾತು ಅವನಿಗೂ ಕೇಳಿಸಿತು. ಕೆಟ್ಟ ಮನುಷ್ಯನೇನೂ ಅಲ್ಲ, ತನ್ನ ಕೈ ತಪ್ಪುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಏಣಿ ಹತ್ತಿ, ಕಂಬಿಯ ತುದಿಗೆ ಕೇಬಲ್ಲನ್ನು ಬಿಗಿದಿದ್ದ ಬಿರಟೆಯನ್ನು ತಿರುಗಿಸಿದ. ಅದರ ಮೇಲೆ ಮಳೆನೀರು ತಡೆಯುವ ಟೇಪು ಇರಲಿಲ್ಲ. ಎಂದೂ ಇರಲಿಲ್ಲ.

ಮೂರು ಸುತ್ತಿಗೆ ಅದು ಬಿಚ್ಚಿಕೊಂಡಿತು. ಹಸಿರುಗಟ್ಟಿದ ನೀರು ಅವನ ಬೆರಳ ಮೇಲಿಂದ ಹರಿದು ಅಂಗಿಯ ತೋಳಿನೊಳಗೆ ಇಳಿಯಿತು.

ಚನ್ನಕೇಶವ ಏಣಿಯ ಮೇಲೆಯೇ ಕೇಬಲ್ಲಿನ ತುದಿಯನ್ನು ಕರವಸ್ತ್ರದಲ್ಲಿ ಒರೆಸಿ, ಊದಿ, ಮೀಟರಿನ ಎರಡು ಕಡ್ಡಿ ಇಟ್ಟ. ಮುಳ್ಳು ಎದ್ದಿತು.

"ಎಷ್ಟು?" ಕೆಳಗಿನಿಂದ ತಾಹಿರಾ ಕೇಳಿದಳು.

"ಇಪ್ಪತ್ನಾಲ್ಕು."

"ಅಂದ್ರೆ?"

"ಅಂದ್ರೆ... ಜಾಯಿಂಟು ಸರಿಯಾಗೇ ಇದೆ." ಅವನು ಒದ್ದೆ ತೋಳನ್ನು ನೋಡಿಕೊಂಡ. "ಕೆಟ್ಟಿದ್ದು ಈ ತುದಿ. ಹೊಸ ಪಿನ್ನು ಹಾಕಿದ್ರೆ ಹೋಗುತ್ತೆ. ಬೆಂಗಳೂರಿಗೆ ಹೋದ ಮೇಲೆ ಕಂಪನಿಗೆ ಬರೀತೀನಮ್ಮ, ಬೇರೆ ರಿಪೋರ್ಟು."

"ಬೆಂಗಳೂರು ಯಾಕೆ? ಮೆಷಿನ್ನು ಸರಿ ಹೋಗುತ್ತಲ್ಲ, ಇಲ್ಲಿಂದಲೇ ಕಳಿಸಿ. ದರ ಆಮೇಲೆ ಹೋಗಲಿ. ಮೊದಲು ಅದು ಹೋಗಲಿ."

ಅವನು ತಲೆಯಾಡಿಸಿದ. ಚೀಲ ತಡಕಿದ. ಟೇಪಿನ ಸುರುಳಿ ಸಿಗಲಿಲ್ಲ. ಮೊದಲು ಪೈಪಿನ ಹಿಂದಿನ ಹಳದಿ ಸುತ್ತನ್ನು, ಆಮೇಲೆ ಅವಳನ್ನು ನೋಡಿದ.

"ಆ ದಾರ ಮನೇಲಿ ಇನ್ನೂ ಇದೆಯಾ?"

*

ಅಪ್ಪನ ಮುಖದ ಮೇಲಿನ ಬಿಳಿ ಬಟ್ಟೆ ಸರಿಸಿ ತೋರಿಸಿದರು. ತಾಹಿರಾ ನೋಡಿದಳು. ಆಮೇಲೆ ಚಾಚಾನನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳಿದಳು. ಸಾದಿಕ್ ಪಾಷಾ ಎರಡು ಸಲ "ನಿಜವಾಗ್ಲೂ?" ಎಂದ.

ಅವನು ಬಾಗಿಲಲ್ಲಿ ನಿಂತು ಬೀದಿಯ ಕಡೆ ತಿರುಗಿದ. ಬೀದಿಯಲ್ಲಿ ಗೂಡಿನ ದಲ್ಲಾಳಿಗಳು, ನೂಲು ಬಿಚ್ಚುವ ಫಿಲೇಚರಿನವರು, ಅಣ್ಣನಿಗೆ ಆ ಹೆಸರು ಇಟ್ಟವರೂ ಇದ್ದರು.

"ನಮ್ಮಣ್ಣ ಯಾರಿಗಾದರೂ ಏನಾದರೂ ಅಂದಿದ್ದರೆ, ಮಾಡಿದ್ದರೆ, ಕಹಾ ಸುನಾ ಮಾಫ್ ಮಾಡಿ. ಒಂದು ಸುಳ್ಳು ಹೇಳಿದ್ದ, ಕೇಬಲ್ ಮುಟ್ಟಿಲ್ಲ ಅಂತ. ಮುಟ್ಟಿದ್ದ. ಅಳಿಲು ಕಡಿದಿತ್ತು, ಜೋಡಿಸಿದ್ದ. ಆ ಸುಳ್ಳಿಗೆ ಮಾಫಿ ಕೇಳ್ತೀನಿ." ಅವನು ಉಸಿರು ತೆಗೆದುಕೊಂಡ. "ಮೆಷಿನ್ನಿಗೆ ಕೇಳಲ್ಲ. ಅದನ್ನ ಅವನು ಕೆಡಿಸಿಲ್ಲ."

"ಮಾಫ್, ಮಾಫ್," ಎಂದರು ಜನ. ಹಿಂದಿನಿಂದ ವೆಂಕಟರವಣಪ್ಪನ ದನಿ ಒಡೆದು ಬಂತು: "ಆ ಸುಳ್ಳೂ ಅವನದಲ್ಲ ಸಾದಿಕ್. ನಂದು!"

ಸಾದಿಕ್ ಪಾಷಾ ಮಂಚದ ಹಿಂಗಾಲಿನ ಕಡೆ ಕಣ್ಣು ತೋರಿಸಿದ. ವೆಂಕಟರವಣಪ್ಪ ಬಂದು ಹೆಗಲು ಕೊಟ್ಟ.

ಹೆಂಗಸರು ಬಾಗಿಲಲ್ಲೇ ಉಳಿದರು. ತಾಹಿರಾ ಅಪ್ಪನ ಟ್ರಂಕಿನಿಂದ ಹಳದಿ ದಾರದ ಉಂಡೆ, ಅರ್ಧ ಉರಿದ ಮೇಣದಬತ್ತಿ ತೆಗೆದುಕೊಂಡು ಹಿತ್ತಲಿನಿಂದ ಹೊರಟು ಮಾಳಿಗೆ ಹತ್ತಿದಳು.

ಜನಾಜಾ ಕಚೇರಿಯ ಕೆಳಗೆ ಬಂದಾಗ ಚನ್ನಕೇಶವ ಏಣಿಯ ತುದಿಯಲ್ಲಿದ್ದ. ಕೈಮುಗಿಯೋಣವೆಂದರೆ ಎರಡು ಕೈಯೂ ಬಿಡುವಿರಲಿಲ್ಲ, ಒಂದರಲ್ಲಿ ಕೇಬಲ್ಲು, ಇನ್ನೊಂದರಲ್ಲಿ ಕಂಬಿ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಲೆ ಬಾಗಿಸಿದ. ಏಣಿಯ ಬುಡದಲ್ಲಿ ನಿಂತ ತಾಹಿರಾ ಉಂಡೆ ಹಿಡಿದು, ಬೀದಿ ತಿರುಗುವವರೆಗೂ ಆ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳ ನಡುವಿನಿಂದ ದಾರ ಸಡಿಲಾಗದೆ, ಕಡಿಯದೆ, ಒಂದೊಂದೇ ಸುತ್ತು ಮೇಲಕ್ಕೆ ಹೋಗುತ್ತಿತ್ತು.