ನೇರಳೆ ಬಣ್ಣದ ಹೊದಿಕೆ

ಸಾಗರದ ಉಲ್ಲನ್ ಅಂಗಡಿಯಲ್ಲಿ ಮಾಲೀಕ ನಟರಾಜ್ ದಾರದ ಉಂಡೆಗಳನ್ನು ಒಂದೊಂದಾಗಿ ಇಳಿಸಿ ಗಾಜಿನ ಮೇಲೆ ಇಡುತ್ತಿದ್ದ. ಸುಚಿತ್ರಾ ಯಾವುದನ್ನೂ ಮುಟ್ಟಲಿಲ್ಲ. ಪಕ್ಕದಲ್ಲಿ ಅವಳ ತಮ್ಮ ಕಿರಣನ ಹೆಂಡತಿ ಲಿಖಿತಾ ನಿಂತಿದ್ದಳು. ತುಂಬಿದ ಬಸುರಿ. ಹೊಸನಗರದಿಂದ ಒಬ್ಬಳೇ ಬಸ್ಸು ಹತ್ತಿ ಬಂದವಳು ಮನೆಯಲ್ಲಿ ನೀರು ಕುಡಿದದ್ದೇ ತಡ, "ಅತ್ತಿಗೆ, ಪಾಪುಗೆ ಒಂದು ಹೊದಿಕೆ ಹೆಣೆದು ಕೊಡ್ಬೇಕು. ದಾರ ತರೋಣ, ನಡೀರಿ" ಎಂದು ಎಳೆದುಕೊಂಡು ಬಂದಿದ್ದಳು.

ಸುಚಿತ್ರಾ ಹೆಣಿಗೆ ಕಡ್ಡಿ ಮುಟ್ಟಿ ಎರಡು ವರ್ಷವಾಗಿತ್ತು. ಲಿಖಿತಾಳ ಮೊದಲ ಬಸುರಿಗೆಂದು ಅವಳು ತಿಳಿನೀಲಿ ಹೊದಿಕೆ ಹೆಣೆದು ಮುಗಿಸಿದ ವಾರದಲ್ಲೇ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ನೆಂಟರೆಲ್ಲ ಕೂತಿದ್ದಾಗ ದುಗ್ಗಮ್ಮ, "ಹುಟ್ಟೋ ಮೊದಲೇ ಬಟ್ಟೆ ಮಾಡಿಟ್ರೆ ಮತ್ತೆಂತ ಆಗತ್ತೆ?" ಎಂದುಬಿಟ್ಟಿದ್ದಳು. ಬೇರೆ ಯಾರಾದರೂ ಅಂದಿದ್ದರೆ ಸುಚಿತ್ರಾ ಮರೆಯುತ್ತಿದ್ದಳೇನೋ. ಅಂದವಳು ಹೆತ್ತ ತಾಯಿ.

"ಈ ಹಸಿರು ನೋಡಿ, ಮುಟ್ಟಿದ್ರೆ ಬೆಣ್ಣೆ ಹಂಗಿದೆ" ಎಂದ ನಟರಾಜ್.

"ಹಸಿರು ಬೇಡ." ಲಿಖಿತಾ ಅದನ್ನು ದೂರ ತಳ್ಳಿದಳು.

ನೀಲಿಯ ಕಡೆಗೆ ಇಬ್ಬರೂ ನೋಡಲಿಲ್ಲ. ಬಿಳಿಯದನ್ನು ಕಂಡು ಸುಚಿತ್ರಾ ಬೇಡವೆಂದು ತಲೆಯಾಡಿಸಿದಳು. ಕೆಂಪು ಉಂಡೆಯನ್ನು ಕೈಗೆತ್ತಿಕೊಂಡ ಲಿಖಿತಾ ತಾನೇ ಅದನ್ನು ಕೆಳಗಿಟ್ಟಳು.

"ಹುಟ್ಟಲಿ ಕಣೆ," ಎಂದಳು ಸುಚಿತ್ರಾ ದನಿ ತಗ್ಗಿಸಿ. "ಹುಟ್ಟಿದ ಮಾರನೇ ದಿನವೇ ಶುರು ಮಾಡ್ತೀನಿ."

"ಆಗ ಬೇಡ ಅತ್ತಿಗೆ. ಹೋದ ಸಲ ಪಾಪುನ ಆಸ್ಪತ್ರೆಯ ಹಸಿರು ಬಟ್ಟೇಲಿ ಸುತ್ತಿ ಕೊಟ್ರು. ಅದರಲ್ಲೇ ಮಣ್ಣು ಮಾಡಿದ್ರು. ನೀವು ಹೆಣೆದಿದ್ದು ಮಡಚಿಟ್ಟ ಹಂಗೇ ಕಪಾಟಲ್ಲಿತ್ತು. ಅದರದ್ದು ಅಂತ ಇದ್ದಿದ್ದು ಅದೊಂದೇ, ಅದೂ ಅದಕ್ಕೆ ಸಿಗ್ಲಿಲ್ಲ." ಅವಳು ಕೆಂಪು ಉಂಡೆಯನ್ನು ದೂರ ಸರಿಸಿದಳು. "ಈ ಸಲ ಏನೇ ಆಗ್ಲಿ, ನಾನು ಬರಿಗೈಲಿ ಹೋಗಲ್ಲ."

ನಟರಾಜ್ ಸುಮ್ಮನೆ ಹಿಂದಕ್ಕೆ ತಿರುಗಿ ಕಪಾಟಿನಲ್ಲಿ ಏನನ್ನೋ ಹುಡುಕತೊಡಗಿದ. ಸುಚಿತ್ರಾ ಮೂಲೆಯಲ್ಲಿದ್ದ ನೇರಳೆ ಬಣ್ಣದ ಉಂಡೆಯನ್ನು ತೋರಿಸಿದಳು. ಆ ಬಣ್ಣದ ಜೊತೆ ಅವರ ಮನೆಯ ಯಾವ ನೆನಪೂ ಇರಲಿಲ್ಲ. ಲಿಖಿತಾ ಹೂಂ ಎಂದಳು. ಮೊಬೈಲಿನಲ್ಲಿ ಎಲೆಗಳ ಡಿಸೈನೊಂದನ್ನು ತೋರಿಸಿ, ಇದು ಬರುತ್ತದಾ ಎಂದು ಕೇಳಿದಳು.

"ಇದು ತೂತು ಜಾಸ್ತಿ. ಪಾಪು ಬೆರಳು ಸಿಕ್ಕಾಕ್ಕೊಳತ್ತೆ. ಬುಟ್ಟಿ ಹೆಣಿಗೆ ಹಾಕ್ತೀನಿ, ಚೌಕ ಚೌಕವಾಗಿ ಒತ್ತಾಗಿರತ್ತೆ." ಹೇಳಿ ಮುಗಿಸಿದ ಮೇಲೆ, ಇನ್ನೂ ಹುಟ್ಟದ ಮಗುವಿನ ಬೆರಳಿನ ಮಾತಾಡಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

ಲಿಖಿತಾಳನ್ನು ಬಿಡಲು ಹೊಸನಗರಕ್ಕೆ ಹೋದಾಗ ದುಗ್ಗಮ್ಮ ಜಗಲಿಯಲ್ಲೇ ಎದುರಾದಳು.

"ಎಂತದು ಚೀಲದಲ್ಲಿ?" ಕಿತ್ತುಕೊಂಡು ಒಳಗೆ ನೋಡಿದವಳ ಮುಖ ಕಪ್ಪಿಟ್ಟಿತು. "ಒಂದು ಸಲಕ್ಕೆ ಬುದ್ಧಿ ಬರ್ಲಿಲ್ವನೇ ನಿಂಗೆ?"

ಸುಚಿತ್ರಾ ತಲೆ ತಗ್ಗಿಸಿದಳು. "ಅವರಿಗೆ ಬೈಬೇಡಿ ಅತ್ತೆ, ನಾನೇ ಕೇಳಿದ್ದು" ಎಂದ ಲಿಖಿತಾ, ಅಂಗಡಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಮಣ್ಣು ಮಾಡಲು ಹೋದವರು ಗಂಡಸರು. ಮಗುವಿಗೆ ಏನು ಸುತ್ತಿದ್ದರೆಂದು ದುಗ್ಗಮ್ಮನಿಗೆ ಯಾರೂ ಹೇಳಿರಲಿಲ್ಲ. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಬಿಟ್ಟಳು. ಕೊನೆಗೆ ಒಂದು ಉಂಡೆ ತೆಗೆದು ಬೆಳಕಿಗೆ ಹಿಡಿದಳು.

"ಇದೆಂತ ಮಂಕು ಬಣ್ಣ. ಅಂಚಿಗಾದ್ರೂ ಅರಿಶಿನದ ಬಣ್ಣ ಹಾಕು."

ಸುಚಿತ್ರಾ ಹೆರಿಗೆಯವರೆಗೆ ಅಲ್ಲೇ ಉಳಿದಳು. ಹೆಣಿಗೆ ದಿನಕ್ಕೊಂದಿಷ್ಟು ಬೆಳೆಯಿತು, ಜೊತೆಗೆ ಹೆದರಿಕೆಯೂ. ಕಡ್ಡಿ ಹಿಡಿಯುವ ಮೊದಲು "ಇವತ್ತು ಒದೀತಾ?" ಎಂದು ಕೇಳುವಳು. ಲಿಖಿತಾ ಹೌದೆಂದರೆ ಮಾತ್ರ ಮುಂದಿನ ಸಾಲು.

ಒಂದು ದಿನ ಲಿಖಿತಾ ಉತ್ತರ ಕೊಡಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅತ್ತಿಗೆ, ಬೆಳಗ್ಗಿಂದ ಅಲ್ಲಾಡಿಲ್ಲ" ಎಂದಳು.

ಕಿರಣ ಕಾರನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಓಡಿಸಿದ. ದುಗ್ಗಮ್ಮನೂ ಜೊತೆಗೆ ಹೊರಟಳು. ಅವಸರದಲ್ಲಿ ಹೆಣಿಗೆಯ ಚೀಲ ಸುಚಿತ್ರಾಳ ಕೈಯಲ್ಲೇ ಬಂದಿತ್ತು. ತಾಯಿಯ ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ, ಕಿಟಕಿಯಿಂದ ಹೊರಗೆ ಎಸೆದುಬಿಡಲೇ ಎಂದು ಸುಚಿತ್ರಾಳಿಗೆ ಅನ್ನಿಸುತ್ತಿತ್ತು.

"ಎದೆಬಡಿತ ಇದೆ, ಆದ್ರೆ ಇಳೀತಿದೆ. ಈಗಲೇ ಆಪರೇಷನ್ ಮಾಡ್ಬೇಕು" ಎಂದು ಡಾಕ್ಟರು ಲಿಖಿತಾಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಸುಚಿತ್ರಾ ಬೆಂಚಿನ ಮೇಲೆ ಚೀಲ ಅವುಚಿಕೊಂಡು ಕೂತಳು. ಹೆಣೆದರೆ ಏನಾಗುವುದೋ, ನಿಲ್ಲಿಸಿದರೆ ಏನಾಗುವುದೋ.

"ಹೆಣಿ" ಎಂದಳು ದುಗ್ಗಮ್ಮ.

"ಅಮ್ಮಾ…"

"ಅವೆರಡೂ ಒಳಗೆ ಒದ್ದಾಡ್ತಿದ್ರೆ ನೀನು ಕೈ ಕಟ್ಕಂಡು ಕೂತ್ಕಳದಾ? ಹೆಣಿ ಅಂದೆ."

ಸುಚಿತ್ರಾಳ ಬೆರಳು ಬೆವೆತು ಕಡ್ಡಿ ಜಾರುತ್ತಿತ್ತು. ಕುಣಿಕೆ ತಪ್ಪಿತು, ಬಿಚ್ಚಿದಳು, ಮತ್ತೆ ಹಾಕಿದಳು. ದುಗ್ಗಮ್ಮ ಅವಳಿಗೆ ಭುಜ ತಾಗಿಸಿ ಕೂತು, ದಾರ ಸಿಕ್ಕಾಗದ ಹಾಗೆ ಉಂಡೆ ಹಿಡಿದು ಬಿಡುತ್ತಾ ಹೋದಳು. ಒಳಗಿಂದ ಒಂದು ಸದ್ದೂ ಇಲ್ಲ. ಕಿರಣ ಗೋಡೆಗೆ ಹಣೆಯೊತ್ತಿ ನಿಂತಿದ್ದ.

ಆಮೇಲೆ ಅಳು ಕೇಳಿತು. ಬೆಕ್ಕಿನ ಮರಿಯದಷ್ಟು ಸಣ್ಣ ದನಿ, ಆದರೆ ನಿಲ್ಲದ ದನಿ.

ನರ್ಸ್ ಬಾಗಿಲು ತೆರೆದಳು. "ಹೆಣ್ಣು ಮಗು. ತೂಕ ಕಮ್ಮಿ, ಉಸಿರಾಟ ಚೆನ್ನಾಗಿದೆ. ತಾಯಿನೂ ಹುಷಾರಾಗಿದಾರೆ. ಮೇಲೆ ಹೊದಿಸಕ್ಕೆ ಬೆಚ್ಚಗಿನ ಬಟ್ಟೆ ಎಲ್ಲಿ?"

ಯಾರೂ ತಂದಿರಲಿಲ್ಲ. ಸುಚಿತ್ರಾ ಹೆಣಿಗೆಯತ್ತ ನೋಡಿದಳು; ಇನ್ನೂ ಅರ್ಧವೇ ಆಗಿತ್ತು.

"ಅಷ್ಟೇ ಸಾಕು, ಮುಗಿಸು" ಎಂದಳು ದುಗ್ಗಮ್ಮ.

ಸುಚಿತ್ರಾ ಕುಣಿಕೆಗಳನ್ನು ಒಂದರೊಳಗೊಂದು ತೂರಿಸಿ ಅಂಚು ಕಟ್ಟಿದಳು. ಕತ್ತರಿ ಇರಲಿಲ್ಲ, ದುಗ್ಗಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

ಸಂಜೆ ಲಿಖಿತಾ ಕಣ್ಣು ಬಿಟ್ಟಾಗ ಮಗು ಪಕ್ಕದಲ್ಲಿತ್ತು. ಅವಳು ಹೊದಿಕೆಯನ್ನು ತಡವಿ ನೋಡಿ, "ಅರ್ಧಕ್ಕೇ ನಿಲ್ಲಿಸಿಬಿಟ್ರಾ ಅತ್ತಿಗೆ?" ಎಂದಳು.

ಸುಚಿತ್ರಾ ಬಾಯಿ ತೆರೆಯುವ ಮೊದಲೇ ದುಗ್ಗಮ್ಮ ಮುಂದೆ ಬಂದು ನಿಂತಳು.

"ಅವಳಿಗೆ ಎಂತಕ್ಕೆ ಅಂತೀಯ? ನಿನ್ನ ಮಗಳೇ ಅವಸರ ಮಾಡಿದ್ದು."